ಮಕ್ಕಳಿಗೆ ಸೂಕ್ತವಲ್ಲ

ಎಪ್ಪತ್ತೈದು ಗ್ರಾಂ. ಒಂದು ಲೋಟ ನೀರು.
ಐದು ನಿಮಿಷದಲ್ಲಿ ಕುಡಿದು ಮುಗಿಸಬೇಕು, ವಾಂತಿ ಮಾಡಬಾರದು.
ಡೂಮ್ ಲೈಟ್ ಸರ್ಕಲ್ ಹಿಂದಿನ ಈ ಲ್ಯಾಬಿನಲ್ಲಿ
ಒಂಬತ್ತು ವರ್ಷದಿಂದ ಬಸುರಿಯರಿಗೆ ಗ್ಲೂಕೋಸ್ ಕಲಸಿಕೊಟ್ಟವಳು ನಾನು.
ವೇಮಗಲ್ಲಿನ ಮುನಿರತ್ನ ಮೂಗು ಹಿಡಿದು ಕುಡಿದಳು.
ರಹಮತ್ ನಗರದ ಶಾಹೀನಾ,
"ನನ್ನ ಮದುವೆ ಶರಬತ್ತೂ ಇಷ್ಟು ಸಿಹಿ ಇರಲಿಲ್ಲಕ್ಕ" ಅಂದಳು.
ನಗುತ್ತಲೇ ಸೂಜಿ ಚುಚ್ಚಿದ್ದೆ.

ಈ ಸಲ ಲೋಟ ನನ್ನ ಕೈಗೇ ಬಂತು.
ಎರಡು ಗಂಟೆ ನನ್ನದೇ ಬೆಂಚಿನ ಮೇಲೆ ಬೇರೆಯವಳ ಹಾಗೆ ಕೂತೆ.
ನೂರ ಎಪ್ಪತ್ತೆರಡು.
ರಿಪೋರ್ಟಿನ ಕೆಳಗೆ ನನ್ನದೇ ಸಹಿ,
ಅನುಮಾನ ಪಡುವುದಕ್ಕೂ ದಾರಿಯಿಲ್ಲ.

ಮೇ ತಿಂಗಳು. ಅದೂ ಕೋಲಾರದಲ್ಲಿ.
ಚಲಪತಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವವನು.
ರಾತ್ರಿ ಮನೆಗೆ ಬಂದರೆ ಅಂಗಿಯಲ್ಲಿ ಬಾದಾಮಿ, ತೋಳಿನಲ್ಲಿ ರಸಪುರಿ,
ಪಕ್ಕದಲ್ಲಿ ಮಲಗಿದರೆ ಒಂದಿಡೀ ತೋಪು ಉಸಿರಾಡಿದಂತೆ.
ಪಾಪ, ನಿಂಬೆ ಸೋಪು ಹಚ್ಚಿ ಎರಡು ಸಲ ಸ್ನಾನ ಮಾಡುತ್ತಾನೆ, ನನಗಾಗಿ.
ಒಂದು ದಿನ ಹಣ್ಣಿಗೆ ಬದಲು ತಂದ
ಕರೀ ಡಬ್ಬಿ, ಮೈಯೆಲ್ಲ ಬೆವರು:
"ಸಕ್ಕರೆ ಸೊನ್ನೆ. ಇದನ್ನ ಕುಡೀಬಹುದಲ್ಲ ನೀನು?"

ಓದುವುದು ನನ್ನ ಕಸುಬು. ತಿರುಗಿಸಿ ಓದಿದೆ.
ಇರುವೆಯ ಕಾಲಿನಷ್ಟು ಅಕ್ಷರ:
ಕೃತಕ ಸಿಹಿ ಇದೆ.
ಮಕ್ಕಳಿಗೆ ಸೂಕ್ತವಲ್ಲ.

ಎಷ್ಟು ವಾರಕ್ಕೆ ಮಕ್ಕಳು?
ಇಪ್ಪತ್ತಾರಕ್ಕೆ, ಒಳಗಿನಿಂದ ಪಕ್ಕೆಗೆ ಒದ್ದು
ನಡುರಾತ್ರಿ ನನ್ನನ್ನು ಎಬ್ಬಿಸಿ ಕೂರಿಸುವಾಗ?
ಇಲ್ಲಾ ಶಾಲೆಗೆ ಹೆಸರು ಬರೆಸಿದ ಮೇಲೆ?
ಡಬ್ಬಿಯ ಮೇಲೆ ಅದಕ್ಕೆ ಜಾಗ ಸಾಲಲಿಲ್ಲವೇನೋ.

ಕನಕವಲ್ಲಿ ಮೇಡಂ ಕನ್ನಡಕ ಹಣೆಗೇರಿಸಿದರು.
"ಯಾವಾಗಲೋ ಒಂದು ಗ್ಲಾಸಿಗೆ ಹೆದರಬೇಡ. ದಿನಾ ಬೇಡ.
ಸ್ಯಾಕರಿನ್ ಇದ್ದರೆ ಮುಟ್ಟಲೇಬೇಡ, ಅದು ಮಾಸು ದಾಟುತ್ತೆ."
ಮಿಕ್ಕಿದ್ದೆಲ್ಲ ಸೇಫಾ ಮೇಡಂ?
"ಕೆಟ್ಟದ್ದು ಅಂತ ಸಾಬೀತಾಗಿಲ್ಲ," ಅಂದರು.
ಸ್ವಲ್ಪ ಹೊತ್ತು ಬಿಟ್ಟು,
"ಬಸುರಿಯರನ್ನ ಸಾಲಾಗಿ ಕೂರಿಸಿ ಯಾರಮ್ಮ ಪರೀಕ್ಷೆ ಮಾಡ್ತಾರೆ?"
ಸಾಲಾಗಿ ಕೂರಿಸುವವಳು ನಾನೇ. ಆದರೆ ಈ ಪ್ರಶ್ನೆಗಲ್ಲ.

ಅತ್ತೆ ಅಲುವೇಲಮ್ಮನಿಗೆ ಇಷ್ಟೆಲ್ಲ ಗೊಂದಲವಿಲ್ಲ.
"ಸಕ್ಕರೆ ಇಲ್ಲ ಅಂತೀಯ, ಸಿಹಿ ಐತೆ ಅಂತೀಯ.
ಹಂಗಾದ್ರೆ ಅದು ಯಾರ ಸಿಹೀನೇ?"

ಭಾನುವಾರ ಮಧ್ಯಾಹ್ನ, ಅವರಿಬ್ಬರೂ ಮಲಗಿದಾಗ,
ಡಬ್ಬಿ ತೆರೆದು ಒಂದು ಹನಿ ಸ್ಟ್ರಿಪ್ಪಿಗೆ ಮುಟ್ಟಿಸಿದೆ.
ಯಂತ್ರ ಐದೆಣಿಸಿ 'ಲೋ' ಅಂದಿತು.
ಇನ್ನೊಂದು ಹನಿ ನಾಲಿಗೆಗೆ. ನಾಲಿಗೆ ಹಬ್ಬ ಅಂದಿತು.
ಎರಡೂ ನನಗೆ ಬೇಕಾದವು, ಹಳೆಯ ನಂಬಿಕಸ್ಥರು.
ಒಂದಾದರೂ ಸುಳ್ಳು ಹೇಳುತ್ತಿರಬೇಕು.
ಇಲ್ಲಾ ತಮಗೆ ಗೊತ್ತಿದ್ದಷ್ಟನ್ನೇ ಹೇಳಿರಬೇಕು,
ನನ್ನ ರಿಪೋರ್ಟುಗಳ ಹಾಗೆ, ಮೇಡಂ ಹಾಗೆ.
ನಾಲ್ಕು ಗುಟುಕು ಕುಡಿದೆ. ಸುಳ್ಳು ಯಾಕೆ, ತಂಪಾಗಿತ್ತು.
ಮಗು ಒದೆಯಲಿಲ್ಲ. ಆಮೇಲೆ ಒದೆಯಿತು.
ಎರಡಕ್ಕೂ ಅರ್ಥ ಹುಡುಕುತ್ತ ಕೂತೆ.

ಮಿಕ್ಕಿದ್ದನ್ನು ಒಗೆಯುವ ಕಲ್ಲಿನ ಬುಡಕ್ಕೆ ಚೆಲ್ಲಿದೆ.
ಹಿಂದೆ ಬಚ್ಚಲಿಗೆ ಇರುವೆ ಮುತ್ತಿದರೆ
ಆ ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಅನ್ನುತ್ತಿದ್ದರಂತೆ.
ಅತ್ತೆಯ ಕಾಲದ ಲ್ಯಾಬು. ಫೀಸಿಲ್ಲ, ಸಹಿಯಿಲ್ಲ.
ಸಂಜೆ ಹೋಗಿ ನೋಡಿದೆ, ಕಲ್ಲಿನ ಹತ್ತಿರ ಒಂದು ಇರುವೆಯೂ ಇಲ್ಲ.
ಅಡುಗೆಮನೆಯಲ್ಲಿ, ಮೇಡಂ ಒಪ್ಪಿದ ಒಂದೇ ಒಂದು ಹೋಳು
ಕೊಯ್ದುಕೊಂಡಿದ್ದ ಚಾಕುವಿಗೆ ಸಾಲು ಹಿಡಿದಿದ್ದವು.

ಇರುವೆಗಳೂ ತಪ್ಪಬಹುದು.
ಅವಕ್ಕೆ ಬಸಿರಿನ ಸಂಗತಿ ಏನು ಗೊತ್ತು.
ಹೋಳು ತಿಂದು ಎರಡು ಗಂಟೆಗೆ ಬೆರಳು ಚುಚ್ಚಿಕೊಂಡು
ಪುಸ್ತಕದಲ್ಲಿ ಬರೆದಿದ್ದೆ: ಬಾದಾಮಿ, ಒಂದು ಹೋಳು, ನೂರ ಹದಿನಾಲ್ಕು.
ಅದರ ಕೆಳಗಿನ ಸಾಲಿನಲ್ಲಿ ಈಗ ಡಬ್ಬಿಯ ಹೆಸರು ಬರೆದೆ,
ನಾಲ್ಕು ಗುಟುಕು ಅಂತ ಬರೆದೆ,
ಸಂಖ್ಯೆಯ ಜಾಗ ಖಾಲಿ ಬಿಟ್ಟೆ.